ಜೋಗ ತುಂಬಿದ ಶನಿವಾರಕ್ಕೆ ಎಂಥ ಹೋಸ್ಟಿಂಗ್ ಬೇಕು?

ಎರಡು ವರ್ಷದ ಹಿಂದಿನ ಆಗಸ್ಟ್. ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಭಾವನ ಫೋನ್ ಬಂತು. ಸಾಗರದ ಹತ್ತಿರ ಹೋಮ್‌ಸ್ಟೇ ನಡೆಸುತ್ತಾರೆ.

"ಮಾರಾಯ, ವೆಬ್‌ಸೈಟ್ ಓಪನ್ನೇ ಆಗ್ತಿಲ್ಲ. ಎಂತದೋ 508 ಅಂತ ಬರ್ತಿದೆ. ಇವತ್ತೇ ಆಗ್ಬೇಕಿತ್ತಾ ಇದು?"

ಜೋಗ ಮೈದುಂಬಿದ ವಾರ ಅದು. ಹಿಂದಿನ ರಾತ್ರಿ ಯಾರೋ ಜಲಪಾತದ ವಿಡಿಯೋ ಜೊತೆ ಭಾವನ ಸೈಟಿನ ಲಿಂಕನ್ನೂ ಬೆಂಗಳೂರಿನ ನಾಲ್ಕಾರು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದ್ದರು. ದಿನಕ್ಕೆ ಇಪ್ಪತ್ತು ಜನ ನೋಡುತ್ತಿದ್ದ ಸೈಟಿಗೆ ಬೆಳಗಾಗುವುದರೊಳಗೆ ಸಾವಿರಾರು ಜನ ನುಗ್ಗಿದ್ದರು. ಹೋಸ್ಟಿಂಗ್ ಕಂಪನಿಗೆ, ಅಂದರೆ ಸೈಟು ಇಡಲು ಸರ್ವರಿನಲ್ಲಿ ಜಾಗ ಬಾಡಿಗೆಗೆ ಕೊಟ್ಟವರಿಗೆ, ಕೇಳಿದರೆ ಒಂದೇ ಮಾತು: "ಸರ್, ಪ್ಲಾನ್ ಅಪ್‌ಗ್ರೇಡ್ ಮಾಡ್ಕೊಳ್ಳಿ." ಹೇಳಿದ ದರ ಹಳೆಯದರ ಆರು ಪಟ್ಟು. ಭಾವ ಕಾರ್ಡ್ ಕೈಯಲ್ಲಿ ಹಿಡಿದೇ ಕೂತಿದ್ದರು. ಒಂದು ಗಂಟೆ ತಡೀರಿ ಭಾವ, ಅಂದೆ.

ನೋಡಿದರೆ ಮುಖಪುಟದಲ್ಲಿ ಹದಿನಾಲ್ಕು ಫೋಟೋ. ಎಲ್ಲವೂ ಮೊಬೈಲಿನಲ್ಲಿ ತೆಗೆದು ಹಾಗೇ ಏರಿಸಿದವು, ಒಂದೊಂದೂ 4-5 ಎಂಬಿ. ಒಬ್ಬರು ಒಂದು ಸಲ ಪುಟ ತೆರೆದರೆ 60 ಎಂಬಿ ಖರ್ಚು. ಸೈಟು ನಿಧಾನ ಆಗಿದ್ದು ಅದರಿಂದ. 508 ಬಂದಿದ್ದು ಬೇರೆ ಕಾರಣಕ್ಕೆ. ಯಾರೇ ಬಂದರೂ ವರ್ಡ್‌ಪ್ರೆಸ್ (ಸೈಟು ಕಟ್ಟಿದ ತಂತ್ರಾಂಶ) ಆ ಪುಟವನ್ನು ಮೊದಲಿನಿಂದ ತಯಾರು ಮಾಡುತ್ತಿತ್ತು. ಇಂಥ ಅಗ್ಗದ ಪ್ಲಾನ್‌ಗಳಲ್ಲಿ ಒಂದೇ ಸಲಕ್ಕೆ ಇಷ್ಟೇ ಕೆಲಸ ಅಂತ ಮಿತಿ ಇರುತ್ತದೆ. ಅದು ಮೀರಿದಾಗ ಬರುವುದೇ "508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್". ಒಂದು ಕ್ಯಾಶ್ ಪ್ಲಗಿನ್ ಹಾಕಿದೆ. ಇನ್ನು ಒಮ್ಮೆ ತಯಾರಾದ ಪುಟವನ್ನೇ ಎಲ್ಲರಿಗೂ ಕೊಟ್ಟರಾಯಿತು. ಫೋಟೋಗಳನ್ನು ವೆಬ್‌ಪಿ ಅನ್ನುವ ಹಗುರ ರೂಪಕ್ಕೆ ಬದಲಿಸಿ ಒಂದೊಂದನ್ನೂ 150 ಕೆಬಿಗೆ ಇಳಿಸಿದೆ. 60 ಎಂಬಿ ಇದ್ದ ಪುಟ 2 ಎಂಬಿಗೆ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಸೈಟು ಸಲೀಸಾಗಿ ಓಡುತ್ತಿತ್ತು. ಇವತ್ತಿಗೂ ಅದೇ ಪ್ಲಾನ್.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಹೋಸ್ಟಿಂಗ್ ಯಾವುದು ತಗೊಳ್ಳಲಿ ಅಂತ ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಬೇಕಿರುವುದು ಅವರು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಉಳಿದವರಿಗೆ ದೊಡ್ಡದು ಬೇಕು ನಿಜ. ಆದರೆ ಅವರಿಗೆ ಅದಕ್ಕಿಂತ ಮುಂಚೆ ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು.

ಮೊದಲು ಅರ್ಧ ಹಾಳೆ

ಯಾವ ಕಂಪನಿಯ ಪುಟವನ್ನೂ ತೆರೆಯುವ ಮುಂಚೆ ಅರ್ಧ ಹಾಳೆ ತಗೊಂಡು ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಅಡಿಕೆ ಬಿಲ್ಲಿನ ಹಿಂಬದಿ ಆದರೂ ನಡೆಯುತ್ತದೆ.

ಸೈಟಿಗೆ ಬಂದವರು ಏನು ಮಾಡುತ್ತಾರೆ? ಸುಮ್ನೆ ಓದಿ, ಫೋನ್ ನಂಬರ್ ನೋಡಿಕೊಂಡು ಹೋಗುತ್ತಾರಾ? ಇಲ್ಲಾ ಲಾಗಿನ್ ಆಗಿ, ಕೋಣೆ ಬುಕ್ ಮಾಡಿ, ದುಡ್ಡು ಕಟ್ಟುತ್ತಾರಾ?

ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ? ಯಾರು ಬದಲಿಸುತ್ತಾರೆ?

ವರ್ಷದಲ್ಲಿ ಅತಿ ಹೆಚ್ಚು ಜನ ಬರುವ ದಿನ ಯಾವುದು? ಸರಾಸರಿ ಬೇಡ. ಸರಾಸರಿ ಲೆಕ್ಕ ಹಿಡಿದಿದ್ದರೆ ಭಾವನಿಗೆ ದಿನಕ್ಕೆ ಇಪ್ಪತ್ತು ಜನ ಅಷ್ಟೇ. ಸಾಗರದ ಮಾರಿಕಾಂಬಾ ಜಾತ್ರೆಗೆ ಒಂದು ಸೈಟು ಮಾಡಿದಿರಿ ಅಂದುಕೊಳ್ಳಿ. ಜಾತ್ರೆ ಬರುವುದು ಮೂರು ವರ್ಷಕ್ಕೊಮ್ಮೆ. ಉಳಿದ ದಿನ ಅಲ್ಲಿ ಕಾಗೆಯೂ ಕೂರುವುದಿಲ್ಲ. ಕಾಲೇಜಿನ ಸೈಟಿಗೆ ಫಲಿತಾಂಶದ ದಿನ, ಹೋಮ್‌ಸ್ಟೇಗೆ ಮಳೆಗಾಲದ ವಾರಾಂತ್ಯ, ಅಡಿಕೆ ಧಾರಣೆ ಹಾಕುವ ಸೈಟಿಗೆ ರೇಟು ದಿಢೀರ್ ಏರಿದ ಅಥವಾ ಬಿದ್ದ ದಿನ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಕೆಟ್ಟರೆ ಯಾರು ನೋಡುತ್ತಾರೆ? ಇಲ್ಲಿ "ನೋಡೋಣ" ಅಂತ ಬರೆಯಬೇಡಿ. ಒಬ್ಬರ ಹೆಸರು ಬರೆಯಿರಿ.

ಆಮೇಲೆ ಒಂದು ಚಿಕ್ಕ ಲೆಕ್ಕ. ತಿಂಗಳಿಗೆ 3,000 ಜನ, ಒಬ್ಬೊಬ್ಬರು 4 ಪುಟ, ಪುಟಕ್ಕೆ 2 ಎಂಬಿ ಅಂದರೆ 24 ಜಿಬಿ. ಇದು ಬಹಳ ಸಣ್ಣ ಸಂಖ್ಯೆ. ಕನ್ನಡದ ಪಠ್ಯ ಭಾರ ಅಂತ ಹೆದರುವವರೂ ಇದ್ದಾರೆ. ಯೂನಿಕೋಡ್‌ನಲ್ಲಿ, ಅಂದರೆ ವೆಬ್‌ನಲ್ಲಿ ಬಳಸುವ ಯುಟಿಎಫ್-8ರಲ್ಲಿ, ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. "ಅಡಿಕೆ" ಅಂದರೆ 15 ಬೈಟ್. ಆದರೂ ಈ ಲೇಖನ ಪೂರ್ತಿ ಸೇರಿಸಿದರೆ 50 ಕೆಬಿ ಆಸುಪಾಸು. ಭಾವನ ಒಂದು ಫೋಟೋದ ಬಾಲದಷ್ಟೂ ಆಗಲಿಲ್ಲ.

ಒಲೆ, ಹಂಡೆ ಮತ್ತು ಸರ್ವರ್

ಹೋಸ್ಟಿಂಗ್ ಬಗೆಗಳನ್ನು ಎಲ್ಲರೂ ಬಾಡಿಗೆ ಮನೆ, ಸ್ವಂತ ಮನೆ ಅಂತ ವಿವರಿಸುತ್ತಾರೆ. ನಮ್ಮ ಕಡೆಯವರಿಗೆ ಅಡಿಕೆ ಬೇಯಿಸುವ ಒಲೆಯಿಂದ ಹೇಳಿದರೆ ಬೇಗ ಹತ್ತುತ್ತದೆ.

ಸ್ಟ್ಯಾಟಿಕ್ ಹೋಸ್ಟಿಂಗ್ ಅಂದರೆ ಬೇಯಿಸಿ, ಒಣಗಿಸಿ, ಚೀಲ ತುಂಬಿಟ್ಟ ಅಡಿಕೆ. ಬಂದವರಿಗೆ ಎತ್ತಿ ಕೊಡುವುದೊಂದೇ ಕೆಲಸ. ಒಲೆಯೇ ಬೇಡ. ಪುಟಗಳು ಮೊದಲೇ ಸಿದ್ಧವಾಗಿರುತ್ತವೆ. ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ, ಹ್ಯಾಕ್ ಆಗಲು ಹೆಚ್ಚೇನೂ ಇಲ್ಲ. ಅರ್ಧ ಹಾಳೆಯ ಮೊದಲ ಪ್ರಶ್ನೆಗೆ "ಸುಮ್ನೆ ಓದಿ ಹೋಗುತ್ತಾರೆ" ಅಂತ ಬರೆದಿದ್ದರೆ ಇಲ್ಲೇ ನಿಲ್ಲಿ, ಮುಂದಕ್ಕೆ ಹೋಗಬೇಡಿ. ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈ, ಗಿಟ್‌ಹಬ್ ಪೇಜಸ್ ಇದನ್ನು ಉಚಿತವಾಗಿಯೇ ಕೊಡುತ್ತವೆ. ಗಿಟ್‌ಹಬ್‌ನಲ್ಲಿ ಸೈಟು 1 ಜಿಬಿ ಮೀರಬಾರದು, ಬಂದವರಿಗೆ ಕಳಿಸುವ ಡೇಟಾಕ್ಕೂ ತಿಂಗಳಿಗೆ 100 ಜಿಬಿ ಅಂತ ಒಂದು ಮಿತಿಯಿದೆ. ಆನ್‌ಲೈನ್ ವ್ಯಾಪಾರ ನಡೆಸಲು ಅದನ್ನು ಬಳಸುವ ಹಾಗಿಲ್ಲ. ವರ್ಸೆಲ್‌ನ ಉಚಿತ ಪ್ಲಾನ್ ಕೂಡ ಸ್ವಂತ ಬಳಕೆಗೆ ಮಾತ್ರ, ಅಂಗಡಿಗಲ್ಲ. ಉಚಿತದ್ದನ್ನು ತಗೊಳ್ಳುವಾಗಲೂ ನಿಯಮ ಓದಿ.

ದಿನಾ ಬದಲಾಗುವ ಸೈಟಿಗೆ ಸ್ಟ್ಯಾಟಿಕ್ ಆಗುವುದಿಲ್ಲ ಅಂತ ಹಲವರ ನಂಬಿಕೆ. ಅದು ತಪ್ಪು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ನಾಲ್ಕು ಸಾಲಿನ ಧಾರಣೆ ಪಟ್ಟಿ ದಿನಕ್ಕೆ ಒಂದು ಸಲ ಬದಲಾಗುತ್ತದೆ, ಹತ್ತು ಸಾವಿರ ಸಲ ಓದಲ್ಪಡುತ್ತದೆ. ಒಂದು ಸಲ ಬೇಯಿಸಿ ಹತ್ತು ಸಾವಿರ ಜನಕ್ಕೆ ಹಂಚುವುದು ಬಿಟ್ಟು, ಬಂದವರಿಗೆಲ್ಲ ಬೇರೆ ಬೇರೆ ಒಲೆ ಹಚ್ಚುವುದು ಯಾಕೆ?

ಇದರಲ್ಲಿ ಒಂದು ತೊಡಕಿದೆ. ಪುಟ ತಯಾರಿಸಿ ಏರಿಸಲು ಸ್ವಲ್ಪ ಕಂಪ್ಯೂಟರ್ ಗೊತ್ತಿರಬೇಕು. ಅದು ಆಗದವರಿಗೆ ಗೂಗಲ್‌ನ ಬ್ಲಾಗರ್ ಇದೆ. ದುಡ್ಡಿಲ್ಲ, ನಿಮ್ಮದೇ ಡೊಮೇನ್ ಹೆಸರನ್ನೂ (ಸೈಟಿನ ವಿಳಾಸ) ಜೋಡಿಸಬಹುದು. ನೋಡಲು ಹಳೇ ಕಾಲದ್ದು ಅನ್ನಿಸಬಹುದು. ಆದರೆ ತಾಲ್ಲೂಕಿನ ಒಂದು ಸಂಘದ ಸೈಟಿಗೆ ಅದು ಧಾರಾಳ ಸಾಕು.

ಶೇರ್ಡ್ ಹೋಸ್ಟಿಂಗ್ ಅಂದರೆ ನಾಲ್ಕು ಮನೆಯವರು ಸೇರಿ ಒಂದೇ ಒಲೆ, ಒಂದೇ ಹಂಡೆಯಲ್ಲಿ ಬೇಯಿಸಿಕೊಂಡ ಹಾಗೆ. ಅಲ್ಲಿ ನಾಲ್ಕಲ್ಲ, ನೂರಾರು ಮನೆ. ಖರ್ಚು ಕಡಿಮೆ, ಸೌದೆ ಹೊಂದಿಸುವ ಚಿಂತೆ ನಿಮಗಿಲ್ಲ. ಪಕ್ಕದ ಮನೆಯವರ ಕೊಯ್ಲು ಜೋರಾದ ದಿನ ಮಾತ್ರ ನಿಮ್ಮ ಅಡಿಕೆ ಬುಟ್ಟಿಯಲ್ಲೇ ಕಾಯಬೇಕು. ನಿಮ್ಮದೇ ಕೊಯ್ಲು ಜೋರಾದರೆ 508. ವರ್ಡ್‌ಪ್ರೆಸ್ ಸೈಟು, ವಿಚಾರಣೆಯ ಫಾರಂ, ಸಣ್ಣ ಬುಕಿಂಗ್, ಕ್ಯಾಶ್ ಸರಿಯಾಗಿದ್ದರೆ ಇಷ್ಟಕ್ಕೆ ಇದು ಸಾಕು. ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಗೂ ಹೊಸನಗರದ ಹೋಮ್‌ಸ್ಟೇಗೂ ನಾನು ಮೊದಲು ಹೇಳುವುದು ಇದನ್ನೇ.

ಮ್ಯಾನೇಜ್ಡ್ ವರ್ಡ್‌ಪ್ರೆಸ್‌ನಲ್ಲಿ ಬೇಯಿಸುವುದರಿಂದ ಹಿಡಿದು ಒಣಗಿಸುವ ತನಕ ಎಲ್ಲಾ ಅವರದೇ ಉಸ್ತುವಾರಿ. ಅಪ್‌ಡೇಟ್, ಬ್ಯಾಕಪ್, ಕ್ಯಾಶ್ ಎಲ್ಲ ಅವರು ನೋಡುತ್ತಾರೆ. ದರ ಜಾಸ್ತಿ. ನಾಲ್ಕನೇ ಪ್ರಶ್ನೆಗೆ ಯಾರ ಹೆಸರೂ ಸಿಗದಿದ್ದರೆ ಆ ದರ ಕೊಡಲೇಬೇಕು.

ವಿಪಿಎಸ್ (ವರ್ಚುವಲ್ ಪ್ರೈವೇಟ್ ಸರ್ವರ್) ಅಂದರೆ ದೊಡ್ಡ ಕೊಟ್ಟಿಗೆಯೊಳಗೆ ನಿಮ್ಮದೇ ಒಲೆ, ನಿಮ್ಮದೇ ಹಂಡೆ. ಪಕ್ಕದವರ ಕಾಟ ಇಲ್ಲ. ಬೆಂಕಿ ನೋಡಿಕೊಳ್ಳುವುದೂ ನಿಮ್ಮದೇ. ತಿಂಗಳಿಗೆ ಐನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ ಅಂತ ಹುಡುಗರು ಹಾರಿ ಬೀಳುತ್ತಾರೆ. ನಾನೂ ಬಿದ್ದಿದ್ದೆ.

ಒಂದು ಸ್ಥಳೀಯ ವಾರಪತ್ರಿಕೆಯ ಸೈಟನ್ನು ವಿಪಿಎಸ್ ಮೇಲೆ ಕೂರಿಸಿದ್ದೆ. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಜುಲೈಯಲ್ಲಿ ಆಗುಂಬೆ ಕಡೆ ನೆಂಟರ ಮನೆಗೆ ಹೋಗಿದ್ದೆ. ಮೂರು ದಿನದಿಂದ ಕರೆಂಟಿಲ್ಲ, ಟವರ್ ಇಲ್ಲ. ಯಾರೋ ಪೇಟೆಗೆ ಹೋಗಿ ಬಂದವರು ಸುದ್ದಿ ತಂದರು: ಪತ್ರಿಕೆಯವರು ನಿನ್ನೆಯಿಂದ ಫೋನ್ ಮಾಡ್ತಿದ್ದಾರಂತೆ. ಕೊಡೆ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿದೆ. ಒಂದು ಕಡ್ಡಿ ಸಿಗ್ನಲ್ ಸಿಕ್ಕಿತು. ಮೊಬೈಲಿನಲ್ಲೇ ಸರ್ವರ್‌ಗೆ ಹೊಕ್ಕರೆ ಡಿಸ್ಕ್ ಶೇ 100 ತುಂಬಿದೆ. ಸರ್ವರ್ ತನ್ನ ದಿನಚರಿ ಬರೆದಿಡುವ ಲಾಗ್ ಫೈಲುಗಳು ಬೆಳೆದು ಬೆಳೆದು ಜಾಗ ಮುಗಿಸಿದ್ದವು, ಡೇಟಾಬೇಸ್ ಉಸಿರುಕಟ್ಟಿ ನಿಂತಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಕಮ್ಯಾಂಡ್, ಕಾಲಲ್ಲಿ ಉಂಬಳ. ಫೈಲು ಅಳಿಸಿ ಡೇಟಾಬೇಸ್ ಎಬ್ಬಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಪತ್ರಿಕೆ ಒಂದೂವರೆ ದಿನ ಕಣ್ಮರೆಯಾಗಿತ್ತು.

ತಪ್ಪು ವಿಪಿಎಸ್‌ನದ್ದಲ್ಲ. ಹಳೆಯ ಲಾಗ್ ತಾನಾಗೇ ಅಳಿಯುವ ಹಾಗೆ ನಾನು ಮಾಡಿರಲಿಲ್ಲ. ಡಿಸ್ಕ್ ಶೇ 80 ದಾಟಿದರೆ ಮೆಸೇಜ್ ಬರುವ ಹಾಗೂ ಮಾಡಿರಲಿಲ್ಲ. ಮಳೆಗಾಲದಲ್ಲಿ ನಾನೇ ನೆಟ್‌ವರ್ಕ್‌ನಿಂದ ಹೊರಗಿರಬಹುದು ಅನ್ನುವುದಂತೂ ತಲೆಗೇ ಹೊಳೆದಿರಲಿಲ್ಲ. ಹಾಗಾಗಿ ಮಲೆನಾಡಿನಲ್ಲಿ ಕೂತು ವಿಪಿಎಸ್ ನಡೆಸುವವರಿಗೆ ನನ್ನ ಷರತ್ತು ಒಂದೇ. ಸರ್ವರಿನ ಕೀಲಿ ಇಟ್ಟುಕೊಂಡ ಇನ್ನೊಬ್ಬರು ಬೇರೆ ಊರಿನಲ್ಲಿರಬೇಕು. ಆ ಇನ್ನೊಬ್ಬರು ಇಲ್ಲದಿದ್ದರೆ ವಿಪಿಎಸ್ ಬೇಡ. ಮನೆಯ ಹಳೇ ಕಂಪ್ಯೂಟರನ್ನೇ ಸರ್ವರ್ ಮಾಡುವ ಯೋಚನೆಯೂ ಇದೇ ಕಾರಣಕ್ಕೆ ಬೇಡ. ಕಲಿಯಲು ಮಾಡಿ ನೋಡಿ, ಗಿರಾಕಿಗಳಿಗಲ್ಲ.

ಡೆಡಿಕೇಟೆಡ್ ಸರ್ವರ್ ಅಂದರೆ ಪೂರ್ತಿ ಕೊಟ್ಟಿಗೆಯೇ ನಿಮ್ಮದು. ಈ ಲೇಖನ ಓದಿ ತೀರ್ಮಾನ ಮಾಡುವಂಥ ಸೈಟಿಗೆ ಅದು ಬೇಡ.

ಕ್ಲೌಡ್ ಅಂದರೆ ಸುಲಿದಷ್ಟಕ್ಕೆ ಕೂಲಿ. ಜನ ಜಾಸ್ತಿ ಬಂದರೆ ಯಂತ್ರ ಜಾಸ್ತಿ ಆಗುತ್ತದೆ, ಕಡಿಮೆ ಆದರೆ ಕಡಿಮೆ, ಬಿಲ್ಲೂ ಹಾಗೇ. ಜಾತ್ರೆಯಂಥ ಸೈಟಿಗೆ ಹೇಳಿ ಮಾಡಿಸಿದ್ದು ಅನ್ನಿಸುತ್ತದೆ ಅಲ್ವಾ? ಆದರೆ ಹಾಗೆ ತಾನಾಗೇ ಹಿಗ್ಗಿ ಕುಗ್ಗುವಂತೆ ಜೋಡಿಸಲು ತಿಳಿದವರು ಬೇಕು. ಮಿತಿ ಇಡದಿದ್ದರೆ ತಿಂಗಳ ಕೊನೆಯ ಬಿಲ್ಲು ಎದೆ ಒಡೆಯುವಂತೆ ಬರುತ್ತದೆ. ಅದರಲ್ಲೂ ಸರ್ವರಿನಿಂದ ಹೊರಗೆ ಹೋಗುವ ಡೇಟಾಕ್ಕೆ ದುಡ್ಡು ಹಾಕುತ್ತಾರೆ ಅನ್ನುವುದು ಬಹಳ ಜನಕ್ಕೆ ಬಿಲ್ಲು ಬಂದ ಮೇಲೇ ಗೊತ್ತಾಗುವುದು. ಖಾತೆ ತೆರೆದ ದಿನವೇ ಖರ್ಚಿನ ಎಚ್ಚರಿಕೆ ಹಾಕಿಕೊಳ್ಳಿ. ಜಾತ್ರೆಯ ಸೈಟು ಬರೀ ಕಾರ್ಯಕ್ರಮ ಪಟ್ಟಿ, ಬಸ್ಸಿನ ಸಮಯ, ಫೋಟೋ ಇಷ್ಟೇ ಆದರೆ ಸ್ಟ್ಯಾಟಿಕ್‌ನಲ್ಲೇ ಮುಗಿಯಿತು. ಜನ ಒಮ್ಮೆಲೇ ನುಗ್ಗಿದರೂ ತಡೆದುಕೊಳ್ಳುತ್ತದೆ, ಉಚಿತ ಪ್ಲಾನಿನ ಮಿತಿ ಮಾತ್ರ ನೋಡಿಕೊಳ್ಳಿ.

ಸರ್ವರ್ ಎಲ್ಲಿರಬೇಕು

ನೋಡುವವರು ಶಿವಮೊಗ್ಗ, ಬೆಂಗಳೂರಿನವರಾದರೆ ಸರ್ವರ್ ಭಾರತದಲ್ಲಿರಲಿ. ಇಲ್ಲಿಂದ ಅಮೆರಿಕದ ಸರ್ವರಿಗೆ ಒಂದು ಕೂಗು ಹೋಗಿ ಬರಲು 200 ಮಿಲಿಸೆಕೆಂಡ್ ದಾಟುತ್ತದೆ. ಒಂದು ಪುಟ ತೆರೆಯುವಾಗ ಇಂಥ ಹೋಗಿಬರುವಿಕೆ ಹಲವು ಸಲ ಆಗುತ್ತದೆ. ತೀರ್ಥಹಳ್ಳಿ ಒಳಗಿನ ಹಳ್ಳಿಯ ಬಡಕಲು ಸಿಗ್ನಲ್‌ನಲ್ಲಿ ಅದು ಎದ್ದು ಕಾಣುತ್ತದೆ. ಅಮೆಜಾನ್‌ನ ಮುಂಬೈ ಕೇಂದ್ರ 2016ರಲ್ಲಿ, ಹೈದರಾಬಾದಿನದು 2022ರಲ್ಲಿ ಶುರುವಾದವು. ಡಿಜಿಟಲ್‌ಓಷನ್ ಬೆಂಗಳೂರಿನಲ್ಲೇ ಇದೆ. ಶೇರ್ಡ್ ಹೋಸ್ಟಿಂಗ್ ಕೊಂಡುಕೊಳ್ಳುವಾಗ ಹಲವು ಕಡೆ ದೇಶ ಆರಿಸುವ ಆಯ್ಕೆ ಇರುತ್ತದೆ. ಅವಸರದಲ್ಲಿ ಅದನ್ನು ನೋಡದೆ ಮುಂದೆ ಹೋಗಬೇಡಿ.

ದರ ಓದುವುದು

ಜಾಹೀರಾತಿನಲ್ಲಿ ತಿಂಗಳಿಗೆ 69 ರೂಪಾಯಿ ಅಂತ ಇದೆ ಅಂದುಕೊಳ್ಳಿ. ಕೆಳಗೆ ಸಣ್ಣ ಅಕ್ಷರದಲ್ಲಿ 48 ತಿಂಗಳಿನದು ಒಟ್ಟಿಗೆ ಕಟ್ಟಬೇಕು ಅಂತ ಇರುತ್ತದೆ. ಅಲ್ಲಿಗೆ 3,312 ರೂಪಾಯಿ. ಶೇ 18 ಜಿಎಸ್‌ಟಿ ಸೇರಿಸಿದರೆ 3,908. ಅವಧಿ ಮುಗಿದ ಮೇಲೆ ನವೀಕರಣದ ದರ ತಿಂಗಳಿಗೆ 249 ಅಂತ ಇದ್ದರೆ, ಆಗ ಒಂದೇ ವರ್ಷಕ್ಕೆ 3,526. ಅಂದರೆ ಮೊದಲ ನಾಲ್ಕು ವರ್ಷಕ್ಕೆ ಕೊಟ್ಟಷ್ಟನ್ನು ಆಮೇಲೆ ಹತ್ತಿರ ಹತ್ತಿರ ವರ್ಷ ವರ್ಷ ಕೊಡಬೇಕು. ಹೋಲಿಕೆ ಮಾಡುವುದಾದರೆ ನವೀಕರಣದ ದರಗಳನ್ನೇ ಅಕ್ಕಪಕ್ಕ ಇಟ್ಟು ನೋಡಿ.

"ಅನ್‌ಲಿಮಿಟೆಡ್" ಪದವನ್ನು ನಾನು ಓದುವುದೇ ಇಲ್ಲ. ಅದರ ಬದಲು ಐನೋಡ್ ಮಿತಿ ಎಷ್ಟು ಅಂತ ಹುಡುಕುತ್ತೇನೆ. ಐನೋಡ್ ಅಂದರೆ ಫೈಲುಗಳ ಎಣಿಕೆ. ಒಂದೊಂದು ಫೋಟೋ, ಹಲವು ಕಡೆ ಒಂದೊಂದು ಇಮೇಲ್ ಕೂಡ ಲೆಕ್ಕಕ್ಕೆ ಬರುತ್ತದೆ. ಜಾಗ ಬೇಕಾದಷ್ಟು ಖಾಲಿ ಇದ್ದರೂ ಎಣಿಕೆ ಮುಗಿದರೆ ಸೈಟು ಮುಗ್ಗರಿಸುತ್ತದೆ.

"ಶೇ 99.9 ಅಪ್‌ಟೈಮ್" ಅಂದರೆ ತಿಂಗಳಿಗೆ 43 ನಿಮಿಷ ಸೈಟು ನಿಂತರೂ ಅವರು ಮಾತು ಉಳಿಸಿಕೊಂಡ ಹಾಗೆಯೇ. ಸೈಟಿನ ವಿಳಾಸವನ್ನು https ಮಾಡುವ ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೆ ಬೇರೆ ದುಡ್ಡು ಕೇಳಿದರೆ ಮುಂದಿನ ಅಂಗಡಿ ನೋಡಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ.

ಬ್ಯಾಕಪ್ ವಿಷಯ ಮಾತ್ರ ಹಗುರವಾಗಿ ತಗೊಳ್ಳಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಒಂದು ಬೆಂಕಿಗೆ ಸುಟ್ಟು ಹೋಯಿತು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗಿರಾಕಿಗಳು ಎರಡನ್ನೂ ಕಳೆದುಕೊಂಡರು. ಹೋಸ್ಟಿಂಗ್ ಕಂಪನಿಯ ಬ್ಯಾಕಪ್ ಇರಲಿ. ತಿಂಗಳಿಗೊಮ್ಮೆ ನೀವೂ ಒಂದು ಪ್ರತಿ ಇಳಿಸಿ ಮನೆಯ ಹಾರ್ಡ್ ಡಿಸ್ಕ್‌ನಲ್ಲಿಡಿ. ವರ್ಷಕ್ಕೆ ಒಂದು ಸಲ ಅದನ್ನು ಬೇರೆ ಕಡೆ ಹಾಕಿ, ತೆರೆಯುತ್ತದಾ ನೋಡಿ. ತೆರೆದಾಗ ಕನ್ನಡದ ಬದಲು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಡೇಟಾಬೇಸ್ ಆಗಲಿ, ಅದನ್ನು ಇಳಿಸಿ ಏರಿಸಿದ ರೀತಿ ಆಗಲಿ ಯೂನಿಕೋಡ್‌ಗೆ ಹೊಂದಿಸಿಲ್ಲ ಅಂತ ಅರ್ಥ. ಸರಿಪಡಿಸಲು ಅದೇ ಒಳ್ಳೆಯ ಹೊತ್ತು, ಯಾಕೆಂದರೆ ಮೂಲ ಸೈಟು ಇನ್ನೂ ಬದುಕಿರುತ್ತದೆ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಸಂಘದ ವರದಿಗಳಿದ್ದರೆ ಅವನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ. ಯಾವ ಹೋಸ್ಟಿಂಗೂ ಅದನ್ನು ನಿಮಗೋಸ್ಕರ ಮಾಡಿಕೊಡುವುದಿಲ್ಲ.

ದುಡ್ಡು ಕಟ್ಟುವ ಮುಂಚೆ

ಭಾನುವಾರ ರಾತ್ರಿ ಒಂಬತ್ತಕ್ಕೆ ಅವರ ಸಹಾಯವಾಣಿಗೆ ಒಂದು ಮೆಸೇಜ್ ಹಾಕಿ: "ಎಷ್ಟು ದಿನದ ಬ್ಯಾಕಪ್ ಇಡ್ತೀರಿ? ವಾಪಸ್ ಹಾಕಿಕೊಡಲು ದುಡ್ಡು ಇದೆಯಾ?" ಉತ್ತರ ಎಷ್ಟು ಹೊತ್ತಿಗೆ ಬಂತು ಅನ್ನುವುದಕ್ಕಿಂತ, ಕೇಳಿದ್ದಕ್ಕೇ ಉತ್ತರ ಬಂತಾ ನೋಡಿ. ಹತ್ತು ಸಾಲಿನ ಸ್ವಾಗತ ಬರೆದು ಪ್ರಶ್ನೆಯನ್ನೇ ಬಿಟ್ಟವರನ್ನು ನೀವೂ ಬಿಡಿ. ಸಾಧ್ಯವಾದರೆ ಮೊದಲು ಒಂದು ತಿಂಗಳಿಗೆ ಮಾತ್ರ ತಗೊಳ್ಳಿ. ದರ ಜಾಸ್ತಿ ಆದರೂ ಪರವಾಗಿಲ್ಲ. ಕಷ್ಟದ ದಿನ ಅವರ ಹತ್ತಿರ ಸೈಟು ಹೇಗೆ ನಡೆಯುತ್ತದೆ ಅಂತ ಗೊತ್ತಾಗುತ್ತದೆ.

ಡೊಮೇನ್ ಹೆಸರನ್ನು ಮತ್ತು ಹೋಸ್ಟಿಂಗನ್ನು ಬೇರೆ ಬೇರೆ ಕಂಪನಿಯಲ್ಲಿಡುವುದು ನನ್ನ ಅಭ್ಯಾಸ. ಒಂದು ಕಡೆ ಜಗಳವಾದರೆ ಇನ್ನೊಂದು ಕೈಯಲ್ಲಿರುತ್ತದೆ. ಡೊಮೇನ್ ಯಾರ ಹೆಸರಲ್ಲಿದೆ, ಯಾರ ಇಮೇಲ್‌ಗೆ ಒಟಿಪಿ ಹೋಗುತ್ತದೆ ಅಂತ ಇವತ್ತೇ ನೋಡಿ. ನನಗೆ ಗೊತ್ತಿರುವ ಒಂದು ಸಹಕಾರ ಸಂಘದ ಸೈಟನ್ನು ಊರಿನ ಹುಡುಗನೊಬ್ಬ ಮಾಡಿಕೊಟ್ಟಿದ್ದ. ಎಲ್ಲವೂ ಅವನ ಇಮೇಲ್‌ನಲ್ಲಿತ್ತು. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ, ನಂಬರ್ ಬದಲಾಯಿತು, ಡೊಮೇನ್ ಅವಧಿ ಮುಗಿಯಿತು. ಸಂಘದ ಲೆಟರ್‌ಹೆಡ್‌ನಲ್ಲಿ ಅಚ್ಚಾದ ವಿಳಾಸ ಈಗ ಯಾರದೋ ಜೂಜಿನ ಸೈಟು. ಹುಡುಗ ಒಳ್ಳೆಯವನೇ. ಅವನನ್ನು ಯಾರೂ ಕೇಳಿರಲಿಲ್ಲ ಅಷ್ಟೇ.

ಇಮೇಲ್ ಕೂಡ ಹಾಗೇ. ಹೋಸ್ಟಿಂಗ್ ಜೊತೆ ಉಚಿತ ಬರುತ್ತದೆ ಅಂತ ವ್ಯವಹಾರದ ಪತ್ರವನ್ನೆಲ್ಲ ಅಲ್ಲೇ ಇಡಬೇಡಿ. ಶೇರ್ಡ್ ಸರ್ವರಿನ ಪಕ್ಕದ ಮನೆಯವರು ಯಾರೋ ಸ್ಪ್ಯಾಮ್ ಕಳಿಸಿದರೆ ನಿಮ್ಮ ಬುಕಿಂಗ್ ರಶೀದಿಯೂ ಗಿರಾಕಿಯ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ.

ಜಾಗ ಬದಲಿಸುವ ದಿನ ಬಂದರೆ

ಜೋಗದ ಸೀಸನ್‌ನಲ್ಲಿ ಬೇಡ, ಶುಕ್ರವಾರ ಬೇಡ. ಮಂಗಳವಾರ ಬೆಳಿಗ್ಗೆ ಶುರು ಮಾಡಿ. ಎರಡು ದಿನ ಮುಂಚೆ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರು ಯಾವ ಸರ್ವರಿನದು ಅಂತ ಹೇಳುವ ಪಟ್ಟಿ) ಟಿಟಿಎಲ್ ಅನ್ನು, ಅಂದರೆ ಹಳೆಯ ವಿಳಾಸವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. ಆಗ ವಿಳಾಸ ಬದಲಿಸಿದ್ದು ಬೇಗ ಎಲ್ಲರಿಗೂ ತಲುಪುತ್ತದೆ. ಹೊಸ ಜಾಗದಲ್ಲಿ ಸೈಟು ಪೂರ್ತಿ ಎದ್ದು ನಿಂತಿದೆ, ಫಾರಂ ಹೋಗುತ್ತಿದೆ, ಕನ್ನಡ ಸರಿ ಕಾಣುತ್ತಿದೆ ಅಂತ ನೋಡಿದ ಮೇಲೆ ವಿಳಾಸ ಬದಲಿಸಿ. ಹಳೆಯದನ್ನು ಹತ್ತು ದಿನ ಹಾಗೇ ಇಟ್ಟಿರಿ. ಅದರಲ್ಲಿ ಉಳಿದ ಇಮೇಲ್ ಇಳಿಸಿಕೊಳ್ಳಿ. ಕೊನೆಗೆ ಹಳೆಯದರ ಆಟೋ ರಿನ್ಯೂವಲ್ ಆಫ್ ಮಾಡಿ. ಗುಡ್ಡ ಹತ್ತಿದ ಮೇಲೆ ಆ ವಾರಪತ್ರಿಕೆಯನ್ನು ಮ್ಯಾನೇಜ್ಡ್ ಹೋಸ್ಟಿಂಗ್‌ಗೆ ಸಾಗಿಸಿದೆವಲ್ಲ, ಆಗ ನಾನು ಈ ಒಂದು ಕೆಲಸ ಮರೆತೆ. ಖಾಲಿ ವಿಪಿಎಸ್‌ಗೆ ಮೂರು ತಿಂಗಳು ಬಾಡಿಗೆ ಕಟ್ಟಿದ್ದೇವೆ ಅಂತ ಸಂಪಾದಕರು ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡೇ ಮನೆಗೆ ಬಂದಿದ್ದರು.